ಕೃಷಿನೆಲದ ವನ್ಯಜೀವಿ ಮತ್ತು ಮತ್ಸ್ಯ ಸಂಶೋಧನೆ: ಅಯೋವಾ ಮಾದರಿ

ಬೇಸಾಯದ ನೆಲದಲ್ಲಿ ಉಳಿದಿರುವ ಹಕ್ಕಿ, ಪ್ರಾಣಿ ಮತ್ತು ಮೀನುಗಳನ್ನು ವಿಶ್ವವಿದ್ಯಾಲಯ ಹಾಗೂ ಸರ್ಕಾರ ಜೊತೆಗೂಡಿ ಅಧ್ಯಯನ ಮಾಡುವ, ಆ ಕೆಲಸದಲ್ಲೇ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಪಳಗಿಸುವ ವ್ಯವಸ್ಥೆಗೆ ಅಮೆರಿಕದ ಅಯೋವಾ ರಾಜ್ಯ ಮೂಲನೆಲೆ. ಏಮ್ಸ್ ಪಟ್ಟಣದ ಅಯೋವಾ ಸ್ಟೇಟ್ ಕಾಲೇಜಿನಲ್ಲಿ (ಇಂದಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ) 1932ರಲ್ಲಿ ಇದರ ಮೊದಲ ಘಟಕ ಆರಂಭವಾಯಿತು. ವನ್ಯಜೀವಿ ವಿಜ್ಞಾನವೆಂದರೆ ಅಭಯಾರಣ್ಯದ ವಿಜ್ಞಾನ ಎಂಬ ಸಾಮಾನ್ಯ ತಿಳಿವಳಿಕೆಗೆ ಈ ಘಟಕದ ಇತಿಹಾಸ ಹೊಂದುವುದಿಲ್ಲ. ಪರರ ಹೊಲದಲ್ಲಿ, ಬಹುಮಟ್ಟಿಗೆ ಬೇಟೆಗಾರರ ಹಣದಿಂದ, ಪದವಿಗಾಗಿ ದುಡಿಯುವ ವಿದ್ಯಾರ್ಥಿಗಳ ಕೈಯಲ್ಲಿ ನಡೆದ ಕೆಲಸ ಪ್ರಾಣಿಸಂಖ್ಯೆ ಏರಿಳಿಯುವ ಬಗೆಯನ್ನೇ ಹೊಸದಾಗಿ ವಿವರಿಸಿತು. ಹೊಲ ಎಂಬುದು ಈ ವಿಜ್ಞಾನಕ್ಕೆ ಒದಗಿದ ಅಡ್ಡಿಯಾಗಿರಲಿಲ್ಲ. ಅದರ ಮುಖ್ಯ ಪ್ರಶ್ನೆಗಳೆಲ್ಲ ಹುಟ್ಟಿದ್ದು ಅಲ್ಲಿಯೇ.

ಅಯೋವಾದ ನೆಲದ ಸ್ಥಿತಿ ತಿಳಿದರೆ ಇದರ ಕಾರಣ ಸ್ಪಷ್ಟವಾಗುತ್ತದೆ. ರಾಜ್ಯದ ಸುಮಾರು ಶೇ. 85ರಷ್ಟು ಭೂಮಿ ಕೃಷಿ ಹಿಡುವಳಿಗಳಿಗೆ ಸೇರಿದೆ. ಬಹುಪಾಲು ಖಾಸಗಿ ಒಡೆತನದ್ದು, ಮುಖ್ಯ ಬೆಳೆ ಮೆಕ್ಕೆಜೋಳ ಮತ್ತು ಸೋಯಾಬೀನ್. ಒಂದು ಕಾಲಕ್ಕೆ ರಾಜ್ಯದ ಬಹುಭಾಗವನ್ನು ಆವರಿಸಿದ್ದ ಎತ್ತರದ ಹುಲ್ಲುಗಾವಲಿನಲ್ಲಿ ಈಗ ಉಳಿದಿರುವುದು ಶೇ. 0.1ಕ್ಕಿಂತ ಕಡಿಮೆ. ಹಿಮನದಿಗಳು ಬಿಟ್ಟುಹೋದ ಉತ್ತರ ಭಾಗದ ಜೌಗುಗಳನ್ನು ರೈತರು ನೆಲದಡಿ ಕೊಳವೆ ಹೂತು ಬಸಿದು ಒಣಗಿಸಿದರು. ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ಜೌಗು ಹೀಗೆ ಹೊಲವಾಯಿತು. ಇಂಥ ನಾಡಿನಲ್ಲಿ ಬೇಲಿ ಹಾಕಿ ಕಾಪಾಡಲು ದೊಡ್ಡ ಕಾಡೇ ಇಲ್ಲ. ಲಾವುಗೆ, ಫೆಸೆಂಟ್, ಬಾತುಕೋಳಿ, ಹಳ್ಳದ ಮೀನು ಉಳಿಯಬೇಕಾದರೆ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಉಳದೆ ಬಿಟ್ಟ ಮೂಲೆಯಲ್ಲಿ ಉಳಿಯಬೇಕು. ಆ ಮೂಲೆಯ ಅಳತೆಯನ್ನು ನಿರ್ಧರಿಸುವವನು ರೈತ. ರೈತನ ಲೆಕ್ಕವನ್ನು ನಿರ್ಧರಿಸುವುದು ಮಾರುಕಟ್ಟೆ ಮತ್ತು ಸರ್ಕಾರದ ಕೃಷಿನೀತಿ.

ಘಟಕ ಹುಟ್ಟಲು ಕಾರಣರಾದವರು ವಿಜ್ಞಾನಿಯಲ್ಲ, ಪತ್ರಿಕಾ ವ್ಯಂಗ್ಯಚಿತ್ರಕಾರ ಜೆ. ಎನ್. 'ಡಿಂಗ್' ಡಾರ್ಲಿಂಗ್. ಡಿ ಮೊಯಿನ್ ರಿಜಿಸ್ಟರ್ ಪತ್ರಿಕೆಯಲ್ಲಿ ಚಿತ್ರ ಬರೆಯುತ್ತಿದ್ದ ಅವರಿಗೆ 1924 ಮತ್ತು 1943ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಪ್ರಾಣಿಗಳ ನಿರ್ವಹಣೆ ರಾಜಕೀಯ ನೇಮಕಗಳ ಕೈಯಲ್ಲಿರುವುದನ್ನು ಕಂಡು ಬೇಸತ್ತ ಡಾರ್ಲಿಂಗ್, ಕಾಲೇಜು ಮತ್ತು ರಾಜ್ಯದ ಇಲಾಖೆ ತಮ್ಮ ಪಾಲು ಹಾಕುವಂತೆ ಒಪ್ಪಿಸಿದರು. ತಾವೂ ಸ್ವಂತ ಹಣ ಕೊಟ್ಟರು. 1934ರಲ್ಲಿ ಒಕ್ಕೂಟ ಸರ್ಕಾರದ ಜೈವಿಕ ಸಮೀಕ್ಷಾ ಇಲಾಖೆಯ ಮುಖ್ಯಸ್ಥರಾದ ಮೇಲೆ, 1935ರಲ್ಲಿ ಅದೇ ಏರ್ಪಾಟನ್ನು ಅಯೋವಾ ಸೇರಿ ಒಂಬತ್ತು ರಾಜ್ಯಗಳಿಗೆ ವಿಸ್ತರಿಸಿದರು. 1960ರಲ್ಲಿ ಸಂಸತ್ತು ಇದಕ್ಕೆ ಕಾನೂನಿನ ಆಧಾರ ಒದಗಿಸಿತು. ಮೊದಲು ಬೇರೆಬೇರೆಯಾಗಿದ್ದ ಮತ್ಸ್ಯ ಘಟಕ ಮತ್ತು ವನ್ಯಜೀವಿ ಘಟಕಗಳು ಮುಂದೆ ಒಂದಾದವು. ಇಂದು ಸುಮಾರು 40 ರಾಜ್ಯಗಳಲ್ಲಿ ಇಂಥ ಘಟಕಗಳಿವೆ. ವಿಜ್ಞಾನಿಗಳ ಸಂಬಳ ಒಕ್ಕೂಟದ ಭೂವೈಜ್ಞಾನಿಕ ಸಮೀಕ್ಷೆಯದು. ಕಚೇರಿ, ಪ್ರಯೋಗಾಲಯ ಮತ್ತು ಅಧ್ಯಾಪಕ ಸ್ಥಾನ ವಿಶ್ವವಿದ್ಯಾಲಯದವು. ಪ್ರಶ್ನೆಗಳು ಮತ್ತು ಯೋಜನಾ ಹಣ ಹೆಚ್ಚಾಗಿ ರಾಜ್ಯದ ಇಲಾಖೆಯವು. ಆ ಹಣಕ್ಕೆ ದೊಡ್ಡ ಮೂಲ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ಮತ್ತು 1950ರ ಡಿಂಗೆಲ್–ಜಾನ್ಸನ್ ಕಾಯ್ದೆಯಡಿ ಮೀನು ಹಿಡಿಯುವ ಸಾಮಗ್ರಿಗಳ ಮೇಲಿನ ತೆರಿಗೆ.

ಈ ಹಣದ ಮೂಲವೇ ಮೊದಲ ಆಕ್ಷೇಪಕ್ಕೆ ದಾರಿಯಾಗುತ್ತದೆ: ಬೇಟೆಗಾರ ಹಣ ಕೊಟ್ಟರೆ ವಿಜ್ಞಾನ ಬೇಟೆಗಾರನಿಗೆ ಬೇಕಾದುದನ್ನೇ ಹೇಳುವುದಿಲ್ಲವೆ? ಏನನ್ನು ಅಧ್ಯಯನ ಮಾಡಬೇಕು ಎಂಬುದರ ಮಟ್ಟಿಗೆ ಆಕ್ಷೇಪ ನಿಜ. ಮೊದಲ ದಶಕಗಳ ಗಮನವೆಲ್ಲ ಬೇಟೆಯ ಹಕ್ಕಿ ಮತ್ತು ತುಪ್ಪಳದ ಪ್ರಾಣಿಗಳ ಮೇಲಿತ್ತು. ಕಪ್ಪೆ, ಹಾಡುಹಕ್ಕಿ, ಬೆಲೆಯಿಲ್ಲದ ಸಣ್ಣ ಮೀನುಗಳ ಸರದಿ ತಡವಾಗಿ ಬಂತು. ಆದರೆ ಉತ್ತರ ಏನಿರಬೇಕು ಎಂಬುದನ್ನು ಹಣ ನಿರ್ಧರಿಸಲಿಲ್ಲ. ಇದಕ್ಕೆ ಬಲವಾದ ಸಾಕ್ಷಿ 1932ರಲ್ಲಿ ಏಮ್ಸ್‌ಗೆ ಬಂದ ಪಾಲ್ ಎರಿಂಗ್ಟನ್. ನರಿ, ಗೂಬೆ, ಮಿಂಕ್‌ಗಳನ್ನು ಕೊಂದರೆ ಬೇಟೆಯ ಪ್ರಾಣಿ ಹೆಚ್ಚುತ್ತದೆ ಎಂದು ಆಗ ಹೆಚ್ಚಿನವರು ನಂಬಿದ್ದರು; ಅನೇಕ ರಾಜ್ಯಗಳು ಕೊಂದವರಿಗೆ ಇನಾಮು ಕೊಡುತ್ತಿದ್ದವು. ವಿಸ್ಕಾನ್ಸಿನ್‌ನ ಹೊಲಗಳಲ್ಲಿ ಬಾಬ್‌ವೈಟ್ ಲಾವುಗೆಗಳನ್ನು ಚಳಿಗಾಲದುದ್ದಕ್ಕೂ ಎಣಿಸಿ, ಮುಂದೆ ಅಯೋವಾದ ಜೌಗುಗಳಲ್ಲಿ ಮಸ್ಕ್‌ರ್ಯಾಟ್ ಎಂಬ ನೀರಿಲಿಯನ್ನು ದಶಕಗಳ ಕಾಲ ಹಿಂಬಾಲಿಸಿ ಎರಿಂಗ್ಟನ್ ಕಂಡದ್ದು ಬೇರೆಯೇ. ಒಂದು ನೆಲ ಇಂತಿಷ್ಟು ಪ್ರಾಣಿಗಳಿಗೆ ಮಾತ್ರ ಆಹಾರ ಮತ್ತು ಮರೆ ಕೊಡಬಲ್ಲದು. ಅದಕ್ಕಿಂತ ಹೆಚ್ಚಾದವು ನೆಲೆಯಿಲ್ಲದೆ ಅಲೆಯುತ್ತವೆ, ತಮ್ಮೊಳಗೇ ಕಚ್ಚಾಡುತ್ತವೆ, ರೋಗಕ್ಕೆ ಈಡಾಗುತ್ತವೆ. ಮಿಂಕ್‌ನ ಬಾಯಿಗೆ ಹೆಚ್ಚಾಗಿ ಬೀಳುವುದೂ ಇಂಥವೇ. ಭಕ್ಷಕ ತಿನ್ನದಿದ್ದರೆ ಮತ್ತೊಂದು ಕಾರಣ ಅವನ್ನು ಕೊಲ್ಲುತ್ತದೆ. ಆದ್ದರಿಂದ ಕಡಿಮೆಯಾದ ಪ್ರಾಣಿಗೆ ಉತ್ತರವನ್ನು ನರಿಯ ಬಿಲದಲ್ಲಿ ಹುಡುಕುವುದಕ್ಕಿಂತ ಬಯಲಾದ ಬದುವಿನಲ್ಲಿ ಹುಡುಕಬೇಕು. ಹಣ ಕೊಟ್ಟವರ ನಂಬಿಕೆಗೇ ಎದುರಾದ ತೀರ್ಮಾನ ಇದು.

ಎರಿಂಗ್ಟನ್ ಹೇಳಿದ್ದೆಲ್ಲ ಹಾಗೆಯೇ ನಿಂತಿಲ್ಲ ಎಂಬುದೂ ಗಮನಾರ್ಹ. ಬ್ರಿಟನ್ನಿನ ಸಾಲ್ಸ್‌ಬರಿ ಬಯಲಿನಲ್ಲಿ 1980ರ ದಶಕದಲ್ಲಿ ಬೂದು ಗೌಜಲಹಕ್ಕಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಭಕ್ಷಕಗಳನ್ನು ತಡೆದ ಕಡೆ ಹಕ್ಕಿಗಳ ಸಂಖ್ಯೆ ಸ್ಪಷ್ಟವಾಗಿ ಏರಿತು. ಗೂಡುಕಟ್ಟುವ ಹುಲ್ಲು ತುಂಡುತುಂಡಾದ ಕಡೆ ಭಕ್ಷಕದ ಹಾವಳಿ ನಿರ್ಣಾಯಕವಾಗಬಹುದು. ಆದರೆ ಈ ತಿದ್ದುಪಡಿಯೂ ಹೊಲದಲ್ಲಿ ಎಣಿಸಿ ಹೋಲಿಸಿದ್ದರಿಂದಲೇ ಬಂತು. ಭಕ್ಷಕದ ಪರಿಣಾಮ ನೆಲದ ಸ್ಥಿತಿಯನ್ನು ಅವಲಂಬಿಸಿದೆ ಎಂಬ ಮೂಲ ಒಳನೋಟವನ್ನು ಅದು ಹರಿತಗೊಳಿಸಿತೇ ಹೊರತು ಅಳಿಸಲಿಲ್ಲ.

ಎರಡನೆಯ ಆಕ್ಷೇಪ ತರಬೇತಿಯ ಸ್ವರೂಪಕ್ಕೆ ಸೇರಿದ್ದು. ಎಂ.ಎಸ್. ವಿದ್ಯಾರ್ಥಿಗೆ ಸಿಗುವುದು ಎರಡು ಹಂಗಾಮು, ಪಿಎಚ್.ಡಿ.ಗೆ ನಾಲ್ಕೈದು ವರ್ಷ. ನೆಲದ ಬದಲಾವಣೆಗೆ ದಶಕಗಳು ಬೇಕು. ಬಿಡಿ ಪ್ರಬಂಧಗಳಿಂದ ಏನು ತಿಳಿದೀತು? ಮಾರ್ಗದರ್ಶಕರೂ ಸ್ಥಳವೂ ಸ್ಥಿರವಾಗಿದ್ದು ವಿದ್ಯಾರ್ಥಿಗಳು ಮಾತ್ರ ಬದಲಾಗುವಲ್ಲಿ ಬಿಡಿ ಪ್ರಬಂಧಗಳು ಸರಣಿಯಾಗುತ್ತವೆ ಎಂಬುದು ಏಮ್ಸ್‌ನ ಅನುಭವ. ಅಲ್ಲಿಯ ಮಿಲ್ಟನ್ ವೆಲ್ಲರ್, ಬರ ಬಂದಾಗ ಜೊಂಡು ಮೊಳೆತು, ನೀರು ಮರಳಿದಾಗ ಹಬ್ಬಿ, ಮಸ್ಕ್‌ರ್ಯಾಟ್‌ಗಳು ಕಡಿದಾಗ ತೆರವಾಗಿ ಜೌಗು ಸುತ್ತುವ ಚಕ್ರವನ್ನು ಗುರುತಿಸಿದರು. ಜೊಂಡು ಮತ್ತು ತೆರೆದ ನೀರು ಹೆಚ್ಚುಕಡಿಮೆ ಸಮಪಾಲಾಗಿರುವ ಹಂತದಲ್ಲಿ ಹಕ್ಕಿಗಳ ವೈವಿಧ್ಯ ಅತ್ಯಧಿಕ ಎಂದು 1965ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿತು. ಜೌಗಿನ ನೀರನ್ನು ಆಗಾಗ ಬೇಕೆಂದೇ ಇಳಿಸುವ ನಿರ್ವಹಣಾ ಕ್ರಮಕ್ಕೆ ಇಂಥ ಅಧ್ಯಯನಗಳು ಬಲ ಕೊಟ್ಟವು. ಮತ್ಸ್ಯ ವಿಭಾಗದಲ್ಲಿ ಕೆನೆತ್ ಕಾರ್ಲಾಂಡರ್ ಸಿಹಿನೀರಿನ ಮೀನುಗಳ ಉದ್ದ, ತೂಕ, ಬೆಳವಣಿಗೆಯ ದತ್ತಾಂಶವನ್ನು ಒಂದೆಡೆ ಕಲೆಹಾಕಿ 1950ರಲ್ಲಿ ಹೊರತಂದ ಕೈಪಿಡಿ ದೀರ್ಘಕಾಲ ಆಕರಗ್ರಂಥವಾಗಿತ್ತು. ವಿದ್ಯಾರ್ಥಿಗೆ ಸಿಗುವ ಶಿಕ್ಷಣವೂ ಎರಡು ಬಗೆಯದು: ಮಾದರಿ ಆಯ್ಕೆ ಮತ್ತು ಸಂಖ್ಯಾಶಾಸ್ತ್ರ ಒಂದು, ಹೊಲದ ಒಡೆಯನ ಅನುಮತಿ ಕೇಳುವುದು, ಬಿತ್ತನೆ ಮತ್ತು ಕಟಾವಿನ ವೇಳೆಗೆ ತನ್ನ ಕೆಲಸವನ್ನು ಹೊಂದಿಸುವುದು ಇನ್ನೊಂದು. ಪದವಿ ಮುಗಿಸಿ ರಾಜ್ಯದ ಇಲಾಖೆ ಸೇರುವವನಿಗೆ ಎರಡನೆಯದು ಮೊದಲನೆಯದರಷ್ಟೇ ಬೇಕು.

ಇಂದಿನ ಮೀನು ಸಂಶೋಧನೆಗೆ ಟೊಪೀಕಾ ಶೈನರ್ ಒಳ್ಳೆಯ ಉದಾಹರಣೆ. ಬೆರಳುದ್ದದ ಈ ಹಳ್ಳದ ಮೀನನ್ನು 1998ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಅಯೋವಾದಲ್ಲಿ ಇದರ ಮುಖ್ಯ ಆಸರೆ, ಹಳ್ಳ ದಾರಿ ಬದಲಿಸಿದಾಗ ಹಿಂದುಳಿದ ಹಳೆಯ ತಿರುವುಗಳ ಹೊಂಡ. ಹೊಲದ ಹೂಳಿನಿಂದ ಇವು ತುಂಬಿಹೋಗುತ್ತಿದ್ದವು. ಹೂಳು ತೆಗೆದ ಹೊಂಡಗಳಿಗೆ ಮೀನು ಮರಳುವುದನ್ನು ವಿಶ್ವವಿದ್ಯಾಲಯದ ಅಧ್ಯಯನಗಳು ದಾಖಲಿಸಿವೆ. ಬಸಿಕೊಳವೆಗಳಿಂದ ಬರುವ ನೀರಿನ ನೈಟ್ರೇಟನ್ನೂ ಇಂಥ ಹೊಂಡಗಳು ತಗ್ಗಿಸುತ್ತವೆ ಎಂಬುದು ತಿಳಿದ ಮೇಲೆ, ಮೀನಿನ ಬಗ್ಗೆ ಆಸಕ್ತಿಯಿಲ್ಲದವರಿಗೂ ಹೂಳೆತ್ತಲು ಒಂದು ಕಾರಣ ಸಿಕ್ಕಿತು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದುದು: ಹೊಲದ ವನ್ಯಜೀವಿಯ ಹಣೆಬರಹವನ್ನು ಬರೆಯುವುದು ಧಾನ್ಯದ ಬೆಲೆ, ಪ್ರಬಂಧವಲ್ಲ. 1985ರ ಕೃಷಿ ಕಾಯ್ದೆ, ಸವೆಯುವ ಜಮೀನನ್ನು 10ರಿಂದ 15 ವರ್ಷ ಹುಲ್ಲಿಗೆ ಬಿಟ್ಟ ರೈತರಿಗೆ ಬಾಡಿಗೆ ಕೊಡುವ ಯೋಜನೆಯನ್ನು ತಂದಿತು. ಅಯೋವಾ ಸ್ಟೇಟ್‌ನ ಲೂಯಿಸ್ ಬೆಸ್ಟ್ ಮತ್ತು ಸಹೋದ್ಯೋಗಿಗಳು ಮಧ್ಯಪಶ್ಚಿಮದ ಆರು ರಾಜ್ಯಗಳಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಲ್ಲಿಗೆ ಬಿಟ್ಟ ಜಮೀನುಗಳಲ್ಲಿ 33 ಜಾತಿಯ ಹಕ್ಕಿಗಳ ಗೂಡು ಸಿಕ್ಕರೆ ಸಾಲುಬೆಳೆಯ ಹೊಲಗಳಲ್ಲಿ ಸಿಕ್ಕಿದ್ದು 10 ಜಾತಿಗಳದು ಮಾತ್ರ. ಆದರೂ ಧಾನ್ಯದ ಬೆಲೆ ಏರಿದಾಗ, 2007ರಲ್ಲಿ ದೇಶಾದ್ಯಂತ ಸುಮಾರು 3.7 ಕೋಟಿ ಎಕರೆಯಿದ್ದ ಈ ಹುಲ್ಲುನೆಲ 2015ರ ವೇಳೆಗೆ ಸುಮಾರು 2.4 ಕೋಟಿ ಎಕರೆಗೆ ಇಳಿಯಿತು. ಜ್ಞಾನ ಬೆಲೆಯನ್ನು ಸೋಲಿಸಲಾರದು ಎಂಬುದನ್ನು ಒಪ್ಪಲೇಬೇಕು.

ಆದರೆ ಬೆಲೆಯ ಒತ್ತಡದೊಳಗೇ ಏನು ಸಾಧ್ಯ ಎಂಬುದನ್ನು ಜ್ಞಾನ ಬದಲಿಸಬಲ್ಲದು. ಇಡೀ ಹೊಲ ಬಿಡಲಾಗದ ರೈತ ಹತ್ತನೇ ಒಂದು ಭಾಗ ಬಿಟ್ಟರೆ? ಅದೇ ವಿಶ್ವವಿದ್ಯಾಲಯದವರು 2007ರಿಂದ ನೀಲ್ ಸ್ಮಿತ್ ವನ್ಯಜೀವಿ ಆಶ್ರಯಧಾಮದ ಸಣ್ಣ ಜಲಾನಯನಗಳಲ್ಲಿ ಬೆಳೆಯ ನಡುವೆ ಸ್ಥಳೀಯ ಹುಲ್ಲಿನ ಪಟ್ಟಿಗಳನ್ನು ಬೆಳೆಸಿ ಇದನ್ನು ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶೇ. 10ರಷ್ಟು ನೆಲ ಬಿಟ್ಟುಕೊಟ್ಟಾಗ ಹರಿದುಹೋಗುವ ನೀರು ಶೇ. 37ರಷ್ಟು ಕಡಿಮೆಯಾಯಿತು, ಮಣ್ಣಿನ ಉಳಿಕೆ 20 ಪಟ್ಟು ಹೆಚ್ಚಿತು, ಹಕ್ಕಿ ಜಾತಿಗಳು 2.1 ಪಟ್ಟಾದವು. ಒಂದೇ ಹೊಲದಲ್ಲಿ ಮಣ್ಣು, ನೀರು, ಕೀಟ, ಹಕ್ಕಿಗಳನ್ನು ಬೇರೆಬೇರೆ ಶಾಸ್ತ್ರದವರು ಅಳೆದದ್ದರಿಂದಲೇ ಕೊಟ್ಟದ್ದಕ್ಕಿಂತ ಪಡೆದದ್ದು ಹೆಚ್ಚು ಎಂದು ತೋರಿಸಲು ಸಾಧ್ಯವಾಯಿತು. 2018ರ ಕೃಷಿ ಕಾಯ್ದೆ ಈ ಪಟ್ಟಿಗಳನ್ನು ಬಾಡಿಗೆ ಯೋಜನೆಯೊಳಗೆ ಸೇರಿಸಿತು. ಕಾಯ್ದೆ ತಿದ್ದುವ ಅವಕಾಶ ಕೆಲವು ವರ್ಷಗಳಿಗೊಮ್ಮೆ ಬರುತ್ತದೆ. ಬಂದಾಗ ಹತ್ತು ವರ್ಷದ ಅಳತೆ ಸಿದ್ಧವಾಗಿರಬೇಕು.

ಕರ್ನಾಟಕಕ್ಕೂ ಇದರ ಬೇರಿನ ಸಂಬಂಧವಿದೆ. ಬೋಧನೆ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಇರಬೇಕೆಂಬ ಅಮೆರಿಕದ ಭೂ ಅನುದಾನ ವಿಶ್ವವಿದ್ಯಾಲಯಗಳ ಕಲ್ಪನೆಗೆ 1862ರ ಮೊರಿಲ್ ಕಾಯ್ದೆ ಆಧಾರ. ಅದನ್ನು ಮೊದಲು ಒಪ್ಪಿದ ರಾಜ್ಯ ಅಯೋವಾ. ಅದೇ ಮಾದರಿಯಲ್ಲಿ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡಿತು. ಅದರ ಅಂಗವಾಗಿ 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು ಆರಂಭವಾಯಿತು. ಇಲ್ಲಿ ಮೀನು ಕೃಷಿ ಶಿಕ್ಷಣದೊಳಗೆ ಬಂತು, ವನ್ಯಜೀವಿ ಬಹುಮಟ್ಟಿಗೆ ಅರಣ್ಯದ ವಿಷಯವಾಗಿಯೇ ಉಳಿಯಿತು. ಕೊಪ್ಪಳದ ತೋಳ, ಬಯಲುಸೀಮೆಯ ಕೃಷ್ಣಮೃಗ, ಕೆರೆ ಬಯಲಿನ ಹಕ್ಕಿಗಳು ಬದುಕುವುದು ಮಾತ್ರ ಹೊಲಗಳ ನಡುವೆ. ಇಲ್ಲಿ ಹಿಡುವಳಿ ಸಣ್ಣದು, ಬೇಟೆಯ ತೆರಿಗೆಯ ಹಣವಿಲ್ಲ. ಆದ್ದರಿಂದ ಅಯೋವಾದ ಹಣಕಾಸಿನ ಏರ್ಪಾಟನ್ನು ಹಾಗೆಯೇ ತರಲಾಗದು. ತರಬಹುದಾದದ್ದು ಅದರ ಕ್ರಮ: ಒಂದೇ ನೆಲದಲ್ಲಿ ಬೇಸಾಯಗಾರರ ಒಪ್ಪಿಗೆಯಿಂದ, ಬೆಳೆಯ ಇಳುವರಿಯನ್ನೂ ಪ್ರಾಣಿಯ ಸಂಖ್ಯೆಯನ್ನೂ ಒಟ್ಟಿಗೆ, ತಲೆಮಾರಿನಿಂದ ತಲೆಮಾರಿಗೆ ವಿದ್ಯಾರ್ಥಿಗಳಿಂದ ಅಳೆಯಿಸುವುದು.