ಗಂಡಸರು ಮತ್ತು ಕುಟುಂಬ ವೈದ್ಯರು: ನೋವಿಲ್ಲದಾಗಲೂ ಒಮ್ಮೆ ಹೋಗಿಬನ್ನಿ

"ಮೈಯಲ್ಲಿ ಏನೂ ನೋವಿಲ್ಲ, ಡಾಕ್ಟರ ಹತ್ತಿರ ಯಾಕೆ?" ಕಾಸರಗೋಡಿರಲಿ, ಅಕ್ಕಲಕೋಟೆಯಿರಲಿ, ನಮ್ಮ ಮನೆಗಳ ಗಂಡಸರ ಮಾತು ಇದೇ. ಹೆಂಗಸರು ಬಸಿರು, ಬಾಣಂತನ, ಮಕ್ಕಳ ಚುಚ್ಚುಮದ್ದು ಎಂದು ಆಸ್ಪತ್ರೆಗೆ ಹೋದಾಗ ಬಿ.ಪಿ., ರಕ್ತಪರೀಕ್ಷೆಯೂ ಆಗಿರುತ್ತದೆ. ಗಂಡಸರಿಗೆ ಅಂಥ ಸಂದರ್ಭವೇ ಬರುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 24ರಷ್ಟು ಮಂದಿಗೆ ಬಿ.ಪಿ. ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ಹೆಂಗಸರಲ್ಲಿ ಇದು ಶೇ. 21. ತಂಬಾಕು ಬಳಸುವ ಗಂಡಸರು ಶೇ. 38, ಹೆಂಗಸರು ಶೇ. 9.

ನಾವು ಕೇಳುವ ಕಾರಣಗಳು

ನೋವಿಲ್ಲ: ಬಿ.ಪಿ., ಸಕ್ಕರೆ ಕಾಯಿಲೆ ವರ್ಷಗಟ್ಟಲೆ ನೋಯುವುದಿಲ್ಲ. ಲಕ್ವ ಹೊಡೆದ ದಿನವೇ ಗೊತ್ತಾದರೆ, ದುಡಿಯುವ ಕೈಯೇ ಮನೆಯವರ ಆರೈಕೆಗೆ ಬರುತ್ತದೆ.

ಕೂಲಿ ಹೋಗುತ್ತದೆ: ನಿಜ. ಆದರೆ ಬಿ.ಪಿ. ನೋಡಲು ಹತ್ತು ನಿಮಿಷ ಸಾಕು. ಜ್ವರಕ್ಕೆಂದು ಹೋದಾಗಲೇ "ಬಿ.ಪಿ.ಯನ್ನೂ ನೋಡಿ ಸಾರ್" ಎಂದು ಕೇಳಿಬಿಡಿ.

ಮಾತ್ರೆ ಅಂಟಿಕೊಳ್ಳುತ್ತದೆ: ಆರಂಭದಲ್ಲೇ ತಿಳಿದರೆ ಉಪ್ಪು, ತೂಕ ಇಳಿಸಿ, ನಡಿಗೆ ಹೆಚ್ಚಿಸಿ ಹಿಡಿತಕ್ಕೆ ತರುವ ಅವಕಾಶವುಂಟು. ಮಾತ್ರೆ ಬೇಕಾದರೂ ಅದು ಹೃದಯ, ಮೂತ್ರಪಿಂಡ ಉಳಿಸಲಿಕ್ಕೆ.

ಭಾಷೆ ಬಾರದು: ಗಡಿಯಾಚೆಯ ನಮಗೆ ಇದು ದೊಡ್ಡ ಮಾತು. ಹಿರಿಯರಿಗೆ ಮಲಯಾಳಂ, ತಮಿಳು, ಮರಾಠಿ, ತೆಲುಗಿನಲ್ಲಿ ಮೈಯ ಕಷ್ಟ ಬಿಡಿಸಿ ಹೇಳಲು ಸಂಕೋಚ. ಅದಕ್ಕೇ ಕನ್ನಡ ಬಲ್ಲ, ಮನೆತನ ತಿಳಿದ ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳುವುದು ಲೇಸು. ಅವರು ಸಿಗದಿದ್ದರೆ ಓದಿದ ಮಗನೋ ಮಗಳೋ ಜೊತೆಗಿರಲಿ.

30 ದಾಟಿದವರು ನೋಡಿಸಬೇಕಾದದ್ದು

ಬಿ.ಪಿ.: 140/90 ಅಥವಾ ಹೆಚ್ಚು ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಿ. ಒಂದೇ ಅಳತೆಗೆ ಹೆದರಬೇಡಿ, ಮರೆಯಲೂ ಬೇಡಿ.

ಸಕ್ಕರೆ: ಬರಿಹೊಟ್ಟೆಯಲ್ಲಿ 100ರೊಳಗಿದ್ದರೆ ಸರಿ. 126 ಮುಟ್ಟಿದರೆ ಮಧುಮೇಹದ ಶಂಕೆ.

ಸೊಂಟ: ಗಂಡಸರಿಗೆ 90 ಸೆಂ.ಮೀ. ಮಿತಿ.

ಬಾಯಿ: ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರು ಬಾಯಿ ತೋರಿಸಲೇಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯದಿರುವುದು ಅಪಾಯದ ಸೂಚನೆ.

ಎಲ್ಲಿ?

30 ದಾಟಿದವರಿಗೆ ಬಿ.ಪಿ., ಸಕ್ಕರೆ, ಬಾಯಿ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕೇರಳದಲ್ಲಿ ಕುಟುಂಬಾರೋಗ್ಯ ಕೇಂದ್ರಗಳಿವೆ. ತಮಿಳುನಾಡಿನಲ್ಲಿ ಮನೆಬಾಗಿಲಿಗೇ ಬರುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟಿನಲ್ಲಿ ಆರಂಭವಾದದ್ದು ಹೊಸೂರು ಸೇರಿದ ಕೃಷ್ಣಗಿರಿ ಜಿಲ್ಲೆಯಲ್ಲೇ.

ಹೋಗುವಾಗ ಹಳೆಯ ಚೀಟಿಗಳನ್ನು ಒಯ್ಯಿರಿ. ತಂದೆ, ಅಣ್ಣತಮ್ಮಂದಿರಿಗೆ ಹೃದಯದ ಕಾಯಿಲೆ, ಲಕ್ವ, ಸಕ್ಕರೆ ಇದ್ದರೆ ಮುಚ್ಚಿಡದೆ ಹೇಳಿ. ಬಂದ ಅಂಕಿಯನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ವರ್ಷ ಹೋಲಿಸಲು ಅದೇ ಆಧಾರ.

ಓದಿದ ಸದಸ್ಯರು ತಮ್ಮ ಮನೆಯ ಒಬ್ಬ ಗಂಡಸನ್ನಾದರೂ ಈ ತಿಂಗಳು ಕರೆದುಕೊಂಡು ಹೋಗಬೇಕೆಂದು ಕೋರುತ್ತೇವೆ.