ರಾಜಾಬಾಯಿ ಗೋಪುರವೂ ಗದಗ ಸೀಮೆಯ ಹತ್ತಿಯೂ

ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವನ್ನು ಆ ನಗರದ ಅಲಂಕಾರವೆಂದು ಬಣ್ಣಿಸುವುದು ವಾಡಿಕೆ. ಆದರೆ 1857ರಿಂದ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗುವವರೆಗೆ, ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಪದವೀಧರರು ಬಹುಮಟ್ಟಿಗೆ ಆ ವಿಶ್ವವಿದ್ಯಾಲಯದವರೇ. ಆದುದರಿಂದ ಈ ಸ್ಮಾರಕವು ನಮ್ಮ ವಿದ್ಯಾಭ್ಯಾಸದ ಇತಿಹಾಸಕ್ಕೂ ಸೇರಿದುದು. ಅದರ ಮೂಲಧನವನ್ನು ವಿಚಾರಿಸಿದರೆ ಸಂಬಂಧವು ಇನ್ನೂ ಹಿಂದಕ್ಕೆ ಹೋಗುತ್ತದೆ.

1840ರ ದಶಕದಲ್ಲಿ ಕಂಪನಿ ಸರಕಾರವು ಧಾರವಾಡ ಜಿಲ್ಲೆಯಲ್ಲಿ ಅಮೇರಿಕೆಯ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಬಿತ್ತಿಸಿತು. ಬೇರೆಡೆ ಸೋತ ಈ ಬೆಳೆಯು ಇಲ್ಲಿಯ ಎರೆಭೂಮಿಗೆ ಒಗ್ಗಿ ‘ಧಾರವಾಡ ಅಮೇರಿಕನ್’ ಎಂಬ ಹೆಸರು ಪಡೆಯಿತು. ಗದಗವು ಅದರ ಮುಖ್ಯ ಪೇಟೆಗಳಲ್ಲೊಂದಾಯಿತು. ಗದಗಕ್ಕೆ ರೈಲು ಬಂದುದು 1880ರ ದಶಕದಲ್ಲಿ. ಅದಕ್ಕೆ ಮೊದಲು ಅರಳೆಯು ಚಕ್ಕಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯನ್ನು ಸೇರಿ, ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ನಾಡತಳಿಗೆ ‘ಕುಮಟಾ ಹತ್ತಿ’ ಎಂಬ ಹೆಸರು ಬಂದುದು ಈ ಬಂದರದಿಂದಲೇ.

1861ರಲ್ಲಿ ಅಮೇರಿಕೆಯ ಅಂತರ್ಯುದ್ಧವು ಆರಂಭವಾಗಿ ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಿತು. ಮುಂಬಯಿಯ ಬೆಲೆಗಳು ಗಗನಕ್ಕೇರಿದವು; ಸಟ್ಟಾ ವ್ಯಾಪಾರವು ಹುಚ್ಚಾಗಿ ಹಬ್ಬಿತು. ಈ ಕಾಲದ ಅಗ್ರಗಣ್ಯ ವರ್ತಕ ಪ್ರೇಮಚಂದ ರಾಯಚಂದರು 1864ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ಗೋಪುರಕ್ಕೆ 2 ಲಕ್ಷ ರೂಪಾಯಿಗಳನ್ನು ದಾನವಿತ್ತು, ಗೋಪುರಕ್ಕೆ ತಾಯಿ ರಾಜಾಬಾಯಿಯವರ ಹೆಸರಿಡಬೇಕೆಂದು ಕೋರಿದರು. ಮರುವರ್ಷ ಯುದ್ಧವು ಮುಗಿಯಿತು, ಬೆಲೆ ಕುಸಿಯಿತು, ದಾನಿಯೂ ದಿವಾಳಿಯಾದರು. ದಾನ ಮಾತ್ರ ಉಳಿಯಿತು.

ಭಾರತವನ್ನು ಕಾಣದೆಯೇ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ನಕ್ಷೆಯನ್ನು ರಚಿಸಿದನು. 1869ರ ಮಾರ್ಚ್ 1ರಂದು ಅಸ್ತಿಭಾರ ಬಿದ್ದು, 1878ರ ನವೆಂಬರದಲ್ಲಿ 280 ಅಡಿ ಎತ್ತರದ ಗೋಪುರವು ಪೂರ್ಣವಾಯಿತು. ಗಂಟೆಗಳು ಕಾಲವನ್ನು ಸಾರುವುದರ ಜೊತೆಗೆ 16 ರಾಗಗಳನ್ನು ನುಡಿಸುತ್ತಿದ್ದವು. ಇಂಥ ಯಂತ್ರದಲ್ಲಿ ತಿರುಗುವ ಉರುಳೆಯ ಮೊಳೆಗಳು ಸನ್ನೆಗಳನ್ನೆತ್ತಿ, ಸುತ್ತಿಗೆಗಳಿಂದ ಗಂಟೆಗಳನ್ನು ಹೊಡೆಸುತ್ತವೆ. ರಾಜಾಬಾಯಿಯವರು ಜೈನಧರ್ಮೀಯರು, ಅಂಧರು. ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವ ನಿಯಮಕ್ಕೆ ಗಂಟೆಯು ನೆರವಾಗಲೆಂಬುದು ಮಗನ ಆಶಯವಾಗಿತ್ತೆಂದು ಪ್ರತೀತಿ. ಆದರೆ ತಾಯಿಯ ಸ್ಮಾರಕದಿಂದ ಕೇಳಿಬಂದ ರಾಗಗಳಲ್ಲಿ ಬ್ರಿಟಿಷ್ ರಾಜಗೀತೆಯೂ ‘ರೂಲ್ ಬ್ರಿಟಾನಿಯಾ’ವೂ ಇದ್ದವು.

ವರ್ತಕರ ಸಂಪತ್ತು ಸಾರ್ವಜನಿಕ ಸಂಸ್ಥೆಯಾಗುವುದು ನಮ್ಮ ನೆಲಕ್ಕೆ ಹೊಸದಲ್ಲ. ಡೋಣಿಗೆ ಸಮೀಪದ ಡಂಬಳದ 1095ರ ಶಾಸನವು ಅಲ್ಲಿ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವನ್ನೂ ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ಉಲ್ಲೇಖಿಸುತ್ತದೆ. ಎರಡೆಡೆಯೂ ದಾನಿಯ ಹೆಸರು ಉಳಿದಿದೆ. ಆ ಸಂಪತ್ತನ್ನು ಬೆಳೆದವರ ಹೆಸರಿಲ್ಲ.

ಗದಗಿನ ಹತ್ತಿಯೊಂದರಿಂದಲೇ ಗೋಪುರವೆದ್ದಿತೆಂದರೆ ಅತಿಶಯೋಕ್ತಿಯಾದೀತು. ಗುಜರಾತ, ವರ್ಹಾಡಗಳ ಅರಳೆಯೂ ಅದೇ ಪೇಟೆಗೆ ಬರುತ್ತಿತ್ತು. ಆದರೂ ಆ ಸಂಪತ್ತಿನಲ್ಲಿ ಇಲ್ಲಿಯ ಒಕ್ಕಲಿಗರ ದುಡಿಮೆಯ ಪಾಲಿತ್ತೆಂಬುದು ನಿರ್ವಿವಾದ. 2018ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮುಂಬಯಿಯ ಕಟ್ಟಡಸಮೂಹದಲ್ಲಿ ಈ ಗೋಪುರವೂ ಒಂದು. ಅದರ ಚರಿತ್ರೆಯನ್ನು ಬರೆಯುವವರು ಶಿಲ್ಪಿ, ದಾನಿಗಳೊಡನೆ ಎರೆಹೊಲದ ಬೇಸಾಯಗಾರನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯಕ.