ದಾಸರಹಳ್ಳಿಯ ಆಕಾಶದಲ್ಲಿ ಪೆರಿಗ್ರಿನ್

ಪೀಣ್ಯದ ಶೆಡ್ಡುಗಳು, ಅವುಗಳ ಮೇಲೆ ಗುಂಪುಗಟ್ಟುವ ಪಾರಿವಾಳಗಳು, ಮೊಬೈಲ್ ಟವರ್‌ಗಳು, 2015ರಿಂದ ತಲೆಯ ಮೇಲೆ ಓಡುತ್ತಿರುವ ಮೆಟ್ರೋ. ಬೆಂಗಳೂರಿನ ಟಿ. ದಾಸರಹಳ್ಳಿಯ ಸುತ್ತ ಇಷ್ಟೆಲ್ಲ ಎದ್ದು ನಿಂತ ಮೇಲೆಯೇ ಪೆರಿಗ್ರಿನ್ ಫಾಲ್ಕನ್ ಎಂಬ ಗಿಡುಗ ಇತ್ತ ಬಂತು ಎಂದುಕೊಳ್ಳುವುದು ಸುಲಭ. ಪಾರಿವಾಳ ಅದಕ್ಕೆ ಆಹಾರ, ಎತ್ತರದ ಕಟ್ಟಡ ಕೂರಲು ಜಾಗ. ಲೆಕ್ಕ ಸರಿಹೋದಂತೆ ಕಾಣುತ್ತದೆ. ಆದರೆ ಇತಿಹಾಸ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಹಕ್ಕಿ ಹಳೆಯದು; ಹಾರುತ್ತಿರುವಾಗಲೇ ಅದನ್ನು ಗುರುತಿಸುವ ವಿದ್ಯೆ ನಮ್ಮಲ್ಲಿ ತೀರ ಈಚಿನದು.

ಗಿಡುಗಗಳ ಪರಿಚಯ ಕನ್ನಡನಾಡಿಗೆ ಮೊದಲಿನಿಂದಲೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಗೆಂದೇ ಶ್ಯೇನವಿನೋದ ಎಂಬ ಭಾಗವಿದೆ. ನಮ್ಮ ದೇಶದಲ್ಲೇ ನೆಲೆಸಿರುವ ಶಾಹೀನ್ ಮತ್ತು ಚಳಿಗಾಲಕ್ಕೆ ಬರುವ ಬೈರಿ ಬೇರೆ ಬೇರೆ ಎಂಬುದು ಬೇಟೆಗಾರರಿಗೆ ಗೊತ್ತಿತ್ತು. ಪಕ್ಷಿತಜ್ಞ ಜೆರ್ಡನ್ 1862ರ ತನ್ನ ಗ್ರಂಥದಲ್ಲಿ ಆ ಎರಡು ಹೆಸರುಗಳನ್ನೂ ದಾಖಲಿಸಿದ. ಇಂದು ವಿಜ್ಞಾನ ಇವೆರಡನ್ನೂ ಪೆರಿಗ್ರಿನ್‌ನ ಉಪಜಾತಿಗಳೆಂದು ಎಣಿಸುತ್ತದೆ. ಹಾಗಿದ್ದಮೇಲೆ ಹಳಬರ ಅರಿವೇ ಮೇಲಲ್ಲವೇ ಎಂದು ಕೇಳಬಹುದು. ಸೂಕ್ಷ್ಮದಲ್ಲಿ ಹೌದು. ಆದರೆ ಅದು ಮುಂಗೈ ಮೇಲೆ ಕೂತ ಹಕ್ಕಿಯ ಅರಿವು. ಯಾವ ಊರಿನ ಆಕಾಶದಲ್ಲಿ, ಯಾವ ತಿಂಗಳಲ್ಲಿ ಎಷ್ಟು ಹಕ್ಕಿಗಳಿದ್ದವು ಎಂಬ ಲೆಕ್ಕ ಬೇಟೆಗಾರನಿಗೆ ಬೇಕಿರಲಿಲ್ಲ.

ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಹುಟ್ಟಿದ್ದು 1972ರಲ್ಲಿ; ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಅಲ್ಲಿಂದ ಮುಂದೆ ಹಕ್ಕಿಯನ್ನು ಹಿಡಿದು ನೋಡುವ ಹಾಗಿರಲಿಲ್ಲ; ಗುರುತೆಲ್ಲ ಬೈನಾಕ್ಯುಲರ್‌ನಲ್ಲಿ ಸಿಗುವ ಕೆಲವೇ ಸೆಕೆಂಡುಗಳಲ್ಲಿ ಆಗಬೇಕಾಯಿತು. ಮೊನಚಾದ ರೆಕ್ಕೆ, ತುಂಬಿದ ಎದೆ, ಕಪ್ಪು ಕಣ್ಣು, ಕಣ್ಣಿನಿಂದ ಕೆಳಗಿಳಿಯುವ ದಪ್ಪ ಮೀಸೆಪಟ್ಟೆ ಕಂಡರೆ ಪೆರಿಗ್ರಿನ್. ಶಿಕ್ರಾ ಎಂಬ ಸಣ್ಣ ಗಿಡುಗದ ರೆಕ್ಕೆಯ ತುದಿ ದುಂಡಗೆ, ಬೆಳೆದ ಹಕ್ಕಿಯ ಕಣ್ಣು ಹಳದಿ ಅಥವಾ ಕೆಂಪು. ಲಗ್ಗರ್ ಫಾಲ್ಕನ್‌ನ ಮೀಸೆ ಸಣ್ಣದು. ಇನ್ನೂ ಕಷ್ಟದ ಪ್ರಶ್ನೆ ಬೈರಿಯೋ ಶಾಹೀನೋ ಎಂಬುದು. ವಲಸೆ ಬಂದ ಬೈರಿಯ ಕೆನ್ನೆಯಲ್ಲಿ ಅಗಲವಾದ ಬಿಳುಪು, ಹೊಟ್ಟೆ ಬೆಳ್ಳಗಿದ್ದು ತೆಳುವಾದ ಅಡ್ಡಗೆರೆ. ಶಾಹೀನ್‌ನ ತಲೆ ಕೆನ್ನೆಯವರೆಗೂ ಕಪ್ಪು, ಹೊಟ್ಟೆ ಕೆಂಗಂದು. ಮರಿಹಕ್ಕಿಗಳ ಎದೆಯಲ್ಲಿ ಉದ್ದಗೆರೆಗಳಿರುವುದರಿಂದ ನುರಿತವರೂ ತಡವರಿಸುತ್ತಾರೆ.

ಡಿಡಿಟಿ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಪೆರಿಗ್ರಿನ್‌ಗಳು ಹಲವು ದೇಶಗಳಲ್ಲಿ ಕುಸಿದವು, ಆಮೇಲೆ ಚೇತರಿಸಿಕೊಂಡವು; ಚಿಪ್ಪು ತೆಳುವಾದದ್ದನ್ನು ಬ್ರಿಟನ್ನಿನ ಪಕ್ಷಿತಜ್ಞ ರ‍್ಯಾಟ್‌ಕ್ಲಿಫ್ 1967ರಲ್ಲೇ ತೋರಿಸಿದ. ಆದ್ದರಿಂದ ಇಲ್ಲೂ ಹಕ್ಕಿ ನಿಜವಾಗಿಯೇ ಹೆಚ್ಚಿರಬಹುದು ಎಂಬ ಆಕ್ಷೇಪಕ್ಕೆ ತೂಕವಿದೆ. ಹಾಗೆಂದು ಆ ಹೆಚ್ಚಳದ ಶ್ರೇಯ ಪೀಣ್ಯದ ಪಾರಿವಾಳಕ್ಕೆ ಸಲ್ಲದು. ಬೈರಿ ಮರಿಮಾಡುವುದು ಉತ್ತರಧ್ರುವದಂಚಿನ ತಂಡ್ರಾ ನೆಲದಲ್ಲಿ. ಅದರ ಏರಿಳಿತಕ್ಕೆ ಕಾರಣವನ್ನು ಮೊದಲು ಅಲ್ಲಿಯೇ ಹುಡುಕಬೇಕು. ಶಾಹೀನ್ ಗೂಡಿಗೆ ನೆಚ್ಚುವುದು ಕಡಿದಾದ ಬಂಡೆಯ ಚಾಚುಗಳನ್ನು. ನಂದಿ, ಸಾವನದುರ್ಗದಂಥ ಬಂಡೆಬೆಟ್ಟಗಳು ನಗರಕ್ಕಿಂತ ಎಷ್ಟೋ ಹಳೆಯವು. ಹತ್ತಿರದ ಹೆಸರಘಟ್ಟದ ಹುಲ್ಲುಗಾವಲಿಗೆ ಕ್ಯಾಮೆರಾ ಹಿಡಿದು ಹೋಗುವವರು ಹೆಚ್ಚಿದ ಮೇಲೆ ದಾಖಲೆ ಹೆಚ್ಚುವುದು ಸಹಜ. ಜೂನ್‌ನಲ್ಲಿ ಕಂಡ ಹಕ್ಕಿ ಬಹುಮಟ್ಟಿಗೆ ಶಾಹೀನ್, ಡಿಸೆಂಬರ್‌ನಲ್ಲಿ ಕಂಡದ್ದು ಎರಡರಲ್ಲಿ ಯಾವುದೂ ಆಗಿರಬಹುದು. ಹಾಗಾಗಿ ತಿಂಗಳು, ಕೆನ್ನೆ, ಹೊಟ್ಟೆಯ ಬಣ್ಣ ಯಾವುದನ್ನೂ ಹೇಳದೆ ಬರೀ ‘ಪೆರಿಗ್ರಿನ್’ ಎಂದು ಬರೆದಿಟ್ಟ ದಾಖಲೆ ಎಷ್ಟೇ ಇರಲಿ, ಹಕ್ಕಿ ಹೆಚ್ಚಿತು ಎನ್ನಲು ಸಾಲದು.